ನಗು ತಡ್ಕೊಳ್ಳೋದು, ದಂಗೆ ಹತ್ತಿಕ್ಕೋದು: ಸೆಬುವಾನೊದಲ್ಲಿ ಯಾವುದಕ್ಕೆ ಯಾವ ಪದ?

ಪ್ರಶ್ನೆ: ನಾನು ದಾವಣಗೆರೆ ಕಡೆಯವಳು. ಫಿಲಿಪ್ಪೀನ್ಸಿನ ದವಾವೊದಲ್ಲಿ ಮೆಡಿಕಲ್ ಓದುತ್ತಿದ್ದೇನೆ. ಪಾಠ ಎಲ್ಲಾ ಇಂಗ್ಲಿಷಿನಲ್ಲಿ, ಆದರೆ ವಾರ್ಡಿಗೆ ಹೋದರೆ ರೋಗಿಗಳು ಮಾತಾಡೋದು ಸೆಬುವಾನೊ. 'ಸಪ್ರೆಸ್' ಅನ್ನೋದಕ್ಕೆ ನಿಘಂಟಿನಲ್ಲಿ ಐದಾರು ಪದ ಸಿಕ್ಕವು, 'ಶಾರ್ಟನ್' ಅನ್ನೋದಕ್ಕೂ ಅಷ್ಟೇ. ಯಾವುದನ್ನು ಎಲ್ಲಿ ಬಳಸಬೇಕು? ಎಲ್ಲರ ಬಾಯಲ್ಲೂ ಕೇಳುವ 'ಪುಗ್ಙಿ' ನಿಘಂಟಿನಲ್ಲಿ ಇಲ್ಲವೇ ಇಲ್ಲ, ಯಾಕೆ? ಇನ್ನೊಂದು: ಅಳುತ್ತಿದ್ದ ಮೊಮ್ಮಗನಿಗೆ ಅಜ್ಜಿಯೊಬ್ಬರು 'ಸಾಬಾ' ಅಂದರು. ನಿಘಂಟು 'ಗದ್ದಲ' ಅನ್ನುತ್ತದೆ. ಅರ್ಥವಾಗಲಿಲ್ಲ.

ಉತ್ತರ: ಒಂದು ಸಲಹೆಯಿಂದ ಶುರು ಮಾಡುತ್ತೇನೆ. ಈ ಪದಗಳನ್ನು ಇಂಗ್ಲಿಷ್ ಮೂಲಕ ಹುಡುಕಬೇಡಿ. ಆ ಜಾಗದಲ್ಲಿ ಕನ್ನಡದಲ್ಲಿ ಏನು ಹೇಳುತ್ತಿದ್ದೆ ಅಂತ ಮೊದಲು ಕೇಳಿಕೊಳ್ಳಿ. ಅಲ್ಲಿಂದ ಸೆಬುವಾನೊಗೆ ಹೋಗಿ. ದಾರಿ ತುಂಬ ಹತ್ತಿರ ಆಗುತ್ತದೆ.

ಇಂಗ್ಲಿಷಿನ 'ಸಪ್ರೆಸ್' ಬಹಳ ಅಗಲವಾದ ಪದ. ನಗುವಿಗೂ ಅದೇ, ಕೆಮ್ಮಿಗೂ ಅದೇ, ದಂಗೆಗೂ ಅದೇ, ಪತ್ರಿಕೆಯ ಸುದ್ದಿಗೂ ಅದೇ. ಅದರ ಒಡಹುಟ್ಟಿದ 'ರಿಪ್ರೆಸ್', 'ಒಪ್ರೆಸ್', 'ಕಂಪ್ರೆಸ್' ಎಲ್ಲವೂ ಲ್ಯಾಟಿನ್ನಿನ ಒಂದೇ ಕ್ರಿಯಾಪದದಿಂದ ಬಂದವು. ಅದರ ಅರ್ಥ ಒತ್ತುವುದು. ಕೆಳಕ್ಕೆ ಒತ್ತು, ಹಿಂದಕ್ಕೆ ಒತ್ತು, ಮೇಲೆ ಬಿದ್ದು ಒತ್ತು, ಹೀಗೆ. ನಮ್ಮ ಮನೆಮಾತು ಹಾಗೆ ನಡೆಯುವುದಿಲ್ಲ. ನಗು ತಡ್ಕೊಳ್ತೀವಿ. ದಂಗೆ ಹತ್ತಿಕ್ಕುತ್ತಾರೆ. ಬಡವರನ್ನು ತುಳಿಯುತ್ತಾರೆ. ಹಗರಣ ಮುಚ್ಚಿಹಾಕುತ್ತಾರೆ. ಎದುರು ಮಾತಾಡಿದವರ ಬಾಯಿ ಮುಚ್ಚಿಸುತ್ತಾರೆ. ಐದು ಕೆಲಸ, ಐದು ಮಾತು.

ಸೆಬುವಾನೊ ಕೂಡ ಹೆಚ್ಚುಕಮ್ಮಿ ಇದೇ ಜಾಗಗಳಲ್ಲಿ ಗೆರೆ ಎಳೆಯುತ್ತದೆ. ತಡೆದುಕೊಳ್ಳೋದು 'ಪುಗೊಙ್'. ಹತ್ತಿಕ್ಕೋದು 'ಸುಂಪೊ'. ತುಳಿಯೋದು 'ದಾಉಗ್-ದಾಉಗ್'. ಮುಚ್ಚೋದು 'ತಬೊನ್'. ಸುಮ್ಮನಾಗಿಸೋದು 'ಪಹಿಲೊಮ್'. ನಿಮ್ಮ ನಿಘಂಟು ಕೊಟ್ಟ ಐದಾರು ಪದಗಳಲ್ಲಿ ಇವು ಇದ್ದೇ ಇರುತ್ತವೆ.

ವಾರ್ಡಿನಲ್ಲಿ ನಿಮಗೆ ದಿನವೂ ಬೇಕಾಗುವುದು ಪುಗೊಙ್, ಅದರ ಹತ್ತಿರ ಸ್ವಲ್ಪ ಹೊತ್ತು ನಿಲ್ಲೋಣ. ಮೊದಲು ಉಚ್ಚಾರ. ಒಂದನೇ ಕ್ಲಾಸಿನಲ್ಲಿ ಕ ಖ ಗ ಘ ಙ ಅಂತ ಬಾಯಿಪಾಠ ಮಾಡಿ ಬಿಟ್ಟೆವಲ್ಲ, ಆ ಙ ಇಲ್ಲಿ ಪ್ರತಿ ಮಾತಿಗೂ ಬೇಕು. 'ಅಂಗಡಿ' ಅನ್ನುವಾಗ ಗ ಬರುವ ಮೊದಲು ಮೂಗಿನಲ್ಲಿ ಹುಟ್ಟುವ ದನಿ ಅದು. ಪದದ ಕೊನೆಯಲ್ಲಿ ಅಷ್ಟಕ್ಕೇ ನಿಲ್ಲಿಸಬೇಕು. 'ಪುಗೊಂಗ್' ಅಂತ ಕೊನೆಗೆ ಗ ಒತ್ತಿದರೆ ಕಿವಿಗೆ ತಪ್ಪು ಕೇಳಿಸುತ್ತದೆ.

ಪುಗೊಙ್ ಅಂದರೆ ಹೊರಗೆ ಬರಲು ನುಗ್ಗುತ್ತಿರುವುದನ್ನು ಹಿಡಿದು ನಿಲ್ಲಿಸುವುದು. ಉಸಿರು, ನಗು, ಕಣ್ಣೀರು, ಕೋಪ, ಕೆಮ್ಮು, ಮೂತ್ರ. ಹೊರಡಲು ಎದ್ದ ಮನುಷ್ಯನನ್ನು ಕೈಹಿಡಿದು ನಿಲ್ಲಿಸಿದರೂ ಪುಗೊಙ್. ಸಂತಾನ ನಿಯಂತ್ರಣವನ್ನೂ ಇದೇ ಪದದಿಂದ ಹೇಳುತ್ತಾರೆ. ಇಂಗ್ಲಿಷಿನಲ್ಲಿ ಇದಕ್ಕೆ ಹತ್ತಿರದ್ದು ಕೆಲವು ಕಡೆ 'ಹೋಲ್ಡ್ ಬ್ಯಾಕ್', ಕೆಲವು ಕಡೆ 'ರಿಸ್ಟ್ರೇನ್', ಕೆಲವು ಕಡೆ 'ಕಂಟ್ರೋಲ್'. 'ಸಪ್ರೆಸ್' ಅಂತ ಒಂದೇ ಪದ ಗಟ್ಟಿಮಾಡಿಕೊಂಡರೆ ಅರ್ಧ ಜಾಗಗಳಲ್ಲಿ ಎಡವುತ್ತೀರಿ.

ಈ ಪದ ನನ್ನ ಮೈಗೆ ಹತ್ತಿದ್ದು ಸೆಬುವಿನ ಒಂದು ಎಕ್ಸ್-ರೇ ಕೋಣೆಯಲ್ಲಿ. ಕೆಮ್ಮು ಬಿಡದೆ ಎದೆಯ ಚಿತ್ರ ತೆಗೆಸಲು ಹೋಗಿದ್ದೆ. ತಣ್ಣನೆಯ ಹಲಗೆಗೆ ಎದೆ ಒತ್ತಿ, ಭುಜ ಮುಂದೆ ಮಾಡಿ ನಿಂತಿದ್ದೆ. ಗೋಡೆಯ ಆಚೆಯಿಂದ ದನಿ ಬಂತು: 'ಗಿನ್ಹಾವ ಒಗ್ ಲಾವೊಮ್'. ಆಳವಾಗಿ ಉಸಿರು ತಗೊಳ್ಳಿ. ತಗೊಂಡೆ. 'ಪುಗ್ಙಿ'. ಪುಗೊಙ್ ಅನ್ನುವ ಮೂಲ ಪದ ನನಗೆ ಗೊತ್ತಿತ್ತು, ಈ ರೂಪ ಕೇಳಿರಲಿಲ್ಲ. ಆದರೂ ಉಸಿರು ತಾನಾಗೇ ನಿಂತಿತು. ಯಂತ್ರ ಸದ್ದು ಮಾಡಿತು. 'ಸಿಗೆ, ಗಿನ್ಹಾವ ನಾ.' ಸರಿ, ಈಗ ಉಸಿರಾಡಿ. ಒಂದು ನಿಮಿಷದಲ್ಲಿ ಕಲಿತ ಆ ರೂಪ ಇವತ್ತಿಗೂ ಮರೆತಿಲ್ಲ.

ಇನ್ನು ಇದು ನಿಘಂಟಿನಲ್ಲಿ ಯಾಕೆ ಸಿಗಲಿಲ್ಲ ಅಂತ ನೋಡೋಣ. ಸೆಬುವಾನೊ ನಿಘಂಟುಗಳು ಸಾಮಾನ್ಯವಾಗಿ ಮೂಲ ಪದದ ಕೆಳಗೇ ಎಲ್ಲವನ್ನೂ ಕೊಡುತ್ತವೆ. ಮೂಲಕ್ಕೆ ಪ್ರತ್ಯಯ ಸೇರಿದಾಗ ಎಷ್ಟೋ ಪದಗಳಲ್ಲಿ ನಡುವಿನ ಸ್ವರ ಬಿದ್ದುಹೋಗುವುದು ಆ ಭಾಷೆಯ ಅಭ್ಯಾಸ. ಪುಗೊಙ್ ಜೊತೆ 'ಅನ್' ಸೇರಿದರೆ 'ಪುಗ್ಙನ್'. 'ಇ' ಸೇರಿದರೆ 'ಪುಗ್ಙಿ'. ಕತ್ತರಿಸು ಅನ್ನುವ 'ಪುತೊಲ್' ಜೊತೆ 'ಒನ್' ಸೇರಿದರೆ 'ಪುತ್ಲೊನ್'. ನಮಗೆ ಇದು ಹೊಸದೇನಲ್ಲ. 'ಸುಮ್ಮನೆ' ಬಾಯಲ್ಲಿ 'ಸುಮ್ನೆ' ಆಗುತ್ತದೆ, 'ಮಾಡಿದ' ಅನ್ನೋದು 'ಮಾಡ್ದ' ಆಗುತ್ತದೆ. ನಾವು ಮಾತಿನಲ್ಲಿ ನುಂಗಿ ಬರಹದಲ್ಲಿ ಉಳಿಸಿಕೊಳ್ಳುತ್ತೇವೆ, ಅವರು ಬರಹದಲ್ಲೂ ನುಂಗುತ್ತಾರೆ.

ಕೆಲವು ಸಲ ಅಕ್ಷರಗಳು ಜಾಗ ಕೂಡ ಬದಲಿಸಿಕೊಳ್ಳುತ್ತವೆ. 'ಇನೊಮ್' ಅಂದರೆ ಕುಡಿ, ಅದು 'ಇಮ್ನೊನ್' ಆಗುತ್ತದೆ. ನನಗೆ ತುಂಬ ಇಷ್ಟವಾದ ಉದಾಹರಣೆ 'ಕಾಒನ್'. ಅಂದರೆ ತಿನ್ನು. ಅದಕ್ಕೆ 'ಒನ್' ಸೇರಿ 'ಕಾನ್-ಒನ್'. ಮಾತಿಗೆ ಮಾತು ಇಟ್ಟರೆ ತಿನ್ನುವಂಥದ್ದು, ಆದರೆ ದಿನಬಳಕೆಯ ಅರ್ಥ ಬೇಯಿಸಿದ ಅಕ್ಕಿ. ನಮ್ಮ 'ಅನ್ನ' ಕೂಡ ಸಂಸ್ಕೃತದ ತಿನ್ನು ಅನ್ನುವ ಧಾತುವಿನಿಂದಲೇ ಬಂದದ್ದು ಅಲ್ವಾ! ಅಕ್ಕಿ ತಿನ್ನುವ ಎರಡು ನಾಡುಗಳು, ಸಂಬಂಧವೇ ಇಲ್ಲದ ಎರಡು ಭಾಷೆಗಳು, ಎರಡರಲ್ಲೂ ಊಟ ಅಂದರೆ ಅನ್ನ.

ಇನ್ನೊಂದು ತೊಡಕು ಸ್ವರಗಳದು. ಸೆಬುವಾನೊದ ಮೂಲ ಸ್ವರಗಳು ಮೂರೇ: ಅ, ಇ, ಉ. ಒ ಮತ್ತು ಉ ನಡುವೆ ಅರ್ಥದ ವ್ಯತ್ಯಾಸ ಇಲ್ಲ, ಇ ಮತ್ತು ಎ ನಡುವೆಯೂ ಹಾಗೆಯೇ. ಜಾನ್ ವುಲ್ಫ್ 1972ರಲ್ಲಿ ಹೊರತಂದ ದೊಡ್ಡ ಸೆಬುವಾನೊ ನಿಘಂಟು ಇವತ್ತಿಗೂ ಒಳ್ಳೆಯ ಆಸರೆ. ಆದರೆ ಅವರು ಮೂರೇ ಸ್ವರಗಳಲ್ಲಿ ಬರೆದರು. ಊರಲ್ಲಿ ಜನ 'ಪುತೊಲ್' ಅಂತ ಬರೆದರೆ ಅಲ್ಲಿ 'ಪುತುಲ್' ಅಂತ ಹುಡುಕಬೇಕು. 'ಪುಗೊಙ್' ಬೇಕಿದ್ದರೆ 'ಪುಗುಙ್' ನೋಡಬೇಕು. ಇದು ಗೊತ್ತಾದ ಮೇಲೆ ಆ ಪುಸ್ತಕ ಸಲೀಸಾಗಿ ತೆರೆದುಕೊಳ್ಳುತ್ತದೆ.

ಆಜ್ಞೆಯ ರೂಪವನ್ನೂ ಹೇಳಿಬಿಡುತ್ತೇನೆ. 'ಒನ್' ಹಿಡಿಯುವ ಕ್ರಿಯಾಪದ ಆಜ್ಞೆಯಲ್ಲಿ 'ಅ' ಹಿಡಿಯುತ್ತದೆ, 'ಅನ್' ಹಿಡಿಯುವುದು 'ಇ' ಹಿಡಿಯುತ್ತದೆ. 'ಪುತ್ಲೊನ್'ಗೆ 'ಪುತ್ಲ', 'ಪುಗ್ಙನ್'ಗೆ 'ಪುಗ್ಙಿ'. ಪುಗೊಙ್ ಪಕ್ಕದಲ್ಲೇ 'ಪುಗೊಸ್' ಅಂತ ಒಂದಿದೆ, ಹುಷಾರು. ಅದರ ಅರ್ಥ ಬಲವಂತ ಮಾಡು. 'ಅಯಾವ್ ಪುಗ್ಸ' ಅಂದರೆ ಬಲವಂತ ಮಾಡಬೇಡಿ, ಜಾಸ್ತಿ ತಿಣುಕಬೇಡಿ. ತಡಿ ಅನ್ನೋದಕ್ಕೂ ತಿಣುಕು ಅನ್ನೋದಕ್ಕೂ ಒಂದು ಅಕ್ಷರದ ದೂರ. ರೋಗಿಯ ಮುಂದೆ ಇದು ಸಣ್ಣ ವಿಷಯ ಅಲ್ಲ.

ಕನ್ನಡದ ದಾರಿ ಕೈಕೊಡುವ ಒಂದು ಜಾಗವೂ ಇದೆ. ನಾವು 'ನಗು ತಡ್ಕೊಂಡೆ' ಅಂತೀವಿ, 'ನೋವು ತಡ್ಕೊಂಡೆ' ಅಂತಲೂ ಅಂತೀವಿ. ಸೆಬುವಾನೊದಲ್ಲಿ ಇವೆರಡೂ ಬೇರೆ. ನಗುವಿಗೆ ಪುಗೊಙ್, ನೋವಿಗೆ 'ಅಗ್ವಾಂತ'. ಇದು ಸ್ಪ್ಯಾನಿಷ್‌ನಿಂದ ಬಂದ ಪದ, ಸಹಿಸಿಕೊಳ್ಳುವುದು ಅಂತ ಅರ್ಥ. ವಾರ್ಡಿನಲ್ಲಿ ಈ ಮಾತು ನಿಮಗೆ ಮತ್ತೆ ಮತ್ತೆ ಕೇಳಿಸುತ್ತದೆ: 'ಗಿ-ಅಗ್ವಾಂತ ಲಙ್ ನಾಕೊ, ದೊಕ್.' ಸುಮ್ನೆ ತಡ್ಕೊಂಡೆ ಡಾಕ್ಟ್ರೇ. ದಯವಿಟ್ಟು ಈ ವಾಕ್ಯವನ್ನು ಹಾಗೇ ದಾಟಿಸಿ ಹೋಗಬೇಡಿ. ಹೊಟ್ಟೆನೋವನ್ನು ನಾಲ್ಕು ದಿನ ನುಂಗಿಕೊಂಡು ಐದನೇ ದಿನ ಬಂದವರ ಮಾತು ಅದು. ಕೂಲಿ ತಪ್ಪುತ್ತದೆ, ಬಸ್ ಚಾರ್ಜು ಆಗುತ್ತದೆ, ಮನೆಯಲ್ಲಿ ಮಕ್ಕಳಿವೆ ಅಂತ ತಡೆದುಕೊಂಡಿರುತ್ತಾರೆ. ನಮ್ಮ ಹಳ್ಳಿಯ ತಾಯಂದಿರೂ ಹೀಗೆಯೇ ಅಲ್ವಾ? ಆ ಮಾತು ಕಿವಿಗೆ ಬಿದ್ದ ಕೂಡಲೇ ಕೇಳಿ: 'ಪಿಲಾ ಕಾ ಅದ್ಲಾವ್ ನಿಮೊ ಗಿ-ಅಗ್ವಾಂತ?' ಎಷ್ಟು ದಿನ ತಡ್ಕೊಂಡ್ರಿ? ನೀವು ಬರೆದುಕೊಳ್ಳುವ ಕೇಸ್ ಶೀಟಿಗೆ ಇದರಷ್ಟು ಬೆಲೆಯ ಉತ್ತರ ಬೇರೆ ಸಿಗಲಿಕ್ಕಿಲ್ಲ.

ಮಾತ್ರೆ ನೋವನ್ನು ಕಡಿಮೆ ಮಾಡಿತು ಅನ್ನಲು ಪುಗೊಙ್ ಕೂಡ ಬೇಡ, ಸುಂಪೊ ಕೂಡ ಬೇಡ. ಅದಕ್ಕೆ 'ಹುಪಯ್' ಇದೆ, ಶಮನ. ಇಮ್ಯೂನಿಟಿ 'ಸಪ್ರೆಸ್' ಆಗಿದೆ ಅಂತ ರೋಗಿಗೆ ತಿಳಿಸಬೇಕಾದರೆ 'ಹುಯಙ್ ಅಙ್ ರೆಸಿಸ್ತೆನ್ಸ್ಯಾ' ಅನ್ನಿ. ತಡೆಯುವ ಶಕ್ತಿ ಕುಂದಿದೆ ಅಂತ. ಎಲ್ಲರಿಗೂ ಅರ್ಥವಾಗುತ್ತದೆ.

ಸುಂಪೊಗೆ ಬರೋಣ. ಒಬ್ಬನ ಮೈಯೊಳಗಿನ ಕೆಮ್ಮಿಗೆ ಪುಗೊಙ್, ಊರಿಗೆ ಹಬ್ಬುತ್ತಿರುವ ಡೆಂಗಿಗೆ ಸುಂಪೊ. ಹಬ್ಬುವುದನ್ನು ಹೊಸಕಿ ಕೊನೆಗಾಣಿಸುವುದು ಅದರ ಜೀವಾಳ. ಇಂಗ್ಲಿಷಿನ 'ಕ್ವೆಲ್', 'ಸ್ಟಾಂಪ್ ಔಟ್' ಇಲ್ಲಿ ಹೊಂದುತ್ತವೆ. ಪೊಲೀಸರ ಪ್ರಕಟಣೆಗಳಲ್ಲಿ 'ಪಗ್‌ಸುಂಪೊ ಸಾ ಕ್ರಿಮೆನ್' ಅಂತ ಕಾಣಿಸುತ್ತದೆ, ಅಪರಾಧ ನಿಗ್ರಹ. ಬೊಹೊಲ್ ದ್ವೀಪದಲ್ಲಿ ಫ್ರಾನ್ಸಿಸ್ಕೊ ದಾಗೊಹೊಯ್ ಸ್ಪೇನಿನ ಆಳ್ವಿಕೆ ವಿರುದ್ಧ 1744ರಲ್ಲಿ ಎಬ್ಬಿಸಿದ ದಂಗೆ 1829ರವರೆಗೆ ನಡೆಯಿತು. 85 ವರ್ಷ! ಶುರು ಮಾಡಿದ ನಾಯಕ ತೀರಿಕೊಂಡ ಮೇಲೂ ಜನ ಬಿಡಲಿಲ್ಲ. ಅಷ್ಟು ಕಾಲ ಅದನ್ನು ಹತ್ತಿಕ್ಕಲಾಗಲಿಲ್ಲ ಅನ್ನಲು 'ವಾಲಾ ಮಸುಂಪೊ' ಅಂದರೆ ಸಾಕು. ಮನಿಲಾ ಕಡೆಯ ಭಾಷೆ ಟಗಾಲೊಗ್‌ನಲ್ಲಿ ಇದೇ ಅರ್ಥಕ್ಕೆ 'ಸುಗ್ಪೊ' ಇದೆ. ದವಾವೊದಲ್ಲಿ ಎರಡು ಭಾಷೆಯೂ ಬೆರೆಯುವುದರಿಂದ ಎರಡೂ ಕೇಳಿಸಬಹುದು.

'ದಾಉಗ್-ದಾಉಗ್' ರಚನೆ ನೋಡಿ. 'ದಾಉಗ್' ಅಂದರೆ ಗೆಲುವು. ಅದನ್ನೇ ಎರಡು ಸಲ ಹೇಳಿದರೆ ತುಳಿತ, ದಬ್ಬಾಳಿಕೆ. ಗೆದ್ದವನು ಗೆಲ್ಲುತ್ತಲೇ ಹೋದರೆ, ಸೋತವನ ಮೇಲೆ ಮತ್ತೆ ಮತ್ತೆ ಗೆದ್ದರೆ ಏನಾಗುತ್ತದೆ ಅನ್ನುವುದು ಆ ಒಂದು ಪದದೊಳಗೇ ಕೂತಿದೆ. ಶಾಲೆಯಲ್ಲಿ ದೊಡ್ಡ ಹುಡುಗರು ಚಿಕ್ಕವರನ್ನು ಪೀಡಿಸುವುದಕ್ಕೂ ಇದೇ ಪದ, ಬಲಾಢ್ಯರು ಬಡವರನ್ನು ತುಳಿಯುವುದಕ್ಕೂ ಇದೇ. ಇಂಗ್ಲಿಷಿನಲ್ಲಿ 'ಬುಲ್ಲಿ' ಬೇರೆ, 'ಒಪ್ರೆಸ್' ಬೇರೆ. ಎರಡನ್ನೂ ಒಂದೇ ಕಣ್ಣಿನಿಂದ ನೋಡಿದ ಸೆಬುವಾನೊ ಜನರ ಮೇಲೆ ನನಗೆ ಗೌರವ ಹೆಚ್ಚಾದದ್ದು ಈ ಪದದಿಂದ.

ಸತ್ಯ ಮುಚ್ಚಿಟ್ಟರೆ 'ಗಿತಬೊನನ್'. ತಬೊನ್ ಅಂದರೆ ಪಾತ್ರೆಯ ಮೇಲೆ ಮುಚ್ಚುವ ಮುಚ್ಚಳವೂ ಹೌದು, ಹಾಗಾಗಿ ನಮ್ಮ ಮುಚ್ಚು, ಮುಚ್ಚಳ, ಮುಚ್ಚಿಹಾಕು ಮೂರೂ ಅಲ್ಲಿ ಒಟ್ಟಿಗೇ ಇವೆ. ಬಾಯಿ ಮುಚ್ಚಿಸಿದರೆ 'ಗಿಪಹಿಲೊಮ್', ಇದರ ಮೂಲ 'ಹಿಲೊಮ್', ಮೌನ. ಬಾಯಿಗೆ ಬಟ್ಟೆ ತುರುಕುವುದು, ಕುಕ್ಕೆ ಹಾಕುವುದು 'ಬುಸಲ್', ಅದೂ ಸ್ಪ್ಯಾನಿಷ್‌ದು. ವುಲ್ಫ್ ಅವರ ನಿಘಂಟು ಬಂದ ವರ್ಷವೇ, 1972ರ ಸೆಪ್ಟೆಂಬರ್‌ನಲ್ಲಿ, ಆಗಿನ ಅಧ್ಯಕ್ಷ ಫರ್ಡಿನಾಂಡ್ ಮಾರ್ಕೋಸ್ ಸೇನಾ ಕಾನೂನು ಹೇರಿದರು, ಪತ್ರಿಕೆಗಳಿಗೆ ಬೀಗ ಬಿತ್ತು. ಆ ದಿನಗಳ ಬಗ್ಗೆ ಹಿರಿಯರು ಮಾತಾಡುವಾಗ ಹಿಲೊಮ್ ಅನ್ನುವ ಪದ ಬಂದರೆ ಅದನ್ನು ಬರೀ 'ಸೈಲೆಂಟ್' ಅಂತ ಓದಿಕೊಳ್ಳಬೇಡಿ.

ಈಗ ಮೊಟಕು ಮಾಡುವ ಪದಗಳು. ಇವು ಅಷ್ಟು ತೊಡಕಿನವಲ್ಲ. 'ಮುಬೊ' ಅಂದರೆ ಚಿಕ್ಕದು, ಗಿಡ್ಡ, ತಗ್ಗು. ಗಿಡ್ಡ ಮನುಷ್ಯ, ತಗ್ಗಿನ ಮೇಜು, ಸಣ್ಣ ಕಥೆ, ಚಿಕ್ಕ ಆಯಸ್ಸು, ಎಲ್ಲಕ್ಕೂ ಅದೇ. ಮನುಷ್ಯರಿಗೆ 'ಪುತೊತ್' ಅಂತಲೂ ಇದೆ, ನಮ್ಮ 'ಕುಳ್ಳ' ಇದ್ದ ಹಾಗೆ. ಎದುರಿಗೆ ಅನ್ನಬಾರದು. ಮೊಟಕುಗೊಳಿಸು 'ಪಮುಬ್-ಅನ್', ಇಲ್ಲಿ ಬ್ ಆದ ಮೇಲೆ ಗಂಟಲು ಒಂದು ಕ್ಷಣ ಕಟ್ಟಿ ಬಿಡಬೇಕು. ಮೊಟಕಾದ ರೂಪ, ಸಂಕ್ಷೇಪ ಅಂದರೆ 'ಪಿನಮುಬೊ'. ಕಗಾಯನ್ ದೆ ಒರೊ ನಗರವನ್ನು ಜನ 'ಸಿಡಿಒ' ಅನ್ನುತ್ತಾರಲ್ಲ, ಅದೊಂದು ಪಿನಮುಬೊ. ಇಂಗ್ಲಿಷಿನ 'ಅಬ್ರಿವಿಯೇಟ್', 'ಅಬ್ರಿಜ್' ಎರಡೂ ಇದರಲ್ಲೇ ಅಡಗುತ್ತವೆ. ಅವೆರಡರ ಬೇರೂ ಲ್ಯಾಟಿನ್ನಿನ ಒಂದೇ ಪದ, ಚಿಕ್ಕದು ಅಂತ.

'ಕರ್ಟೇಲ್' ಅಂದರೆ ನಡುವೆ ತುಂಡರಿಸುವುದು, ಅದಕ್ಕೆ ಪುತೊಲ್ ಸಾಕು. ಹಗ್ಗವಾದರೂ ಸರಿ, ಮಾತಾದರೂ ಸರಿ. 'ಲಕ್ತೊದ್' ಹತ್ತಿರದ ದಾರಿ. ನಮ್ಮ 'ಅಡ್ಡದಾರಿ'ಗೆ ಒಂದು ಕೆಟ್ಟ ವಾಸನೆ ಇದೆ, ಲಕ್ತೊದ್‌ಗೆ ಅದಿಲ್ಲ. ಸುತ್ತಿ ಬಳಸದೆ ನೇರವಾಗಿ ಹೇಳಿದ ಮಾತೂ ಲಕ್ತೊದ್ ಆಗುತ್ತದೆ.

ಪ್ರಮಾಣ ಕಡಿಮೆ ಮಾಡಲು ಬರಹದಲ್ಲಿ 'ಕುನ್ಹೊದ್', ಮಾತಿನಲ್ಲಿ ಸುಮ್ನೆ 'ಮಿನುಸ್'. ಬಿಪಿ ಇರುವವರಿಗೆ 'ಕುನ್ಹುರಿ ಅಙ್ ಅಸಿನ್' ಅಂದರೆ ಉಪ್ಪು ಕಡಿಮೆ ಮಾಡಿ. ಇಲ್ಲಿ ದ ಹೋಗಿ ರ ಬಂದಿದೆ, ಎರಡು ಸ್ವರಗಳ ನಡುವೆ ದ ಬಂದರೆ ಹೀಗಾಗುವುದು ಮಾಮೂಲು. ಲೆಕ್ಕದಲ್ಲಿ ಕಳೆಯುವುದು 'ಇಬನ್'. ರೇಡಿಯೊ ಸದ್ದು ತಗ್ಗಿಸು ಅನ್ನಲು 'ಹಿನಯಿ', ಮೂಲ 'ಹಿನಯ್', ಮೆಲ್ಲಗೆ. 'ಉಬೊಸ್' ಅಂದರೆ ಕೆಳಗೆ, ತಗ್ಗು. ಈ ಪದದಲ್ಲಿ ಒಂದು ಗುಂಡಿ ಇದೆ: ಟಗಾಲೊಗ್‌ನಲ್ಲಿ ಉಬೊಸ್ ಅಂದರೆ ಪೂರ್ತಿ ಖಾಲಿ. ಮನಿಲಾದಿಂದ ಬಂದವರೂ ದವಾವೊದವರೂ ಸೇರಿರುವ ವಾರ್ಡಿನಲ್ಲಿ 'ಔಷಧಿ ಉಬೊಸ್' ಅಂದರೆ ಖಾಲಿಯೋ, ಕೆಳಗಡೆ ಇದೆಯೋ ಅಂತ ಇನ್ನೊಮ್ಮೆ ಕೇಳಿ. ಖಾಲಿ ಅನ್ನಲು ಸೆಬುವಾನೊದ ಸ್ವಂತ ಪದ 'ಹುರೊತ್'.

ಮಾತಾಡುವಾಗ ಸೆಬುವಾನೊ ಜನ ಪದಗಳನ್ನು ಎಷ್ಟು ಮೊಟಕು ಮಾಡುತ್ತಾರೆ ಅಂದರೆ, ಶುರುವಿನಲ್ಲಿ ಅದೇ ನಿಮಗೆ ಜಾಸ್ತಿ ಕಷ್ಟ ಕೊಡುತ್ತದೆ. ಇಲ್ಲ ಅನ್ನುವ 'ವಾಲಾ' ಬರೀ 'ವಾ' ಆಗುತ್ತದೆ. ಅಲ್ಲ ಅನ್ನುವ 'ದಿಲಿ' ಬರೀ 'ದಿ'. ಸೆಬು ನಗರದ ಕಡೆ ಸ್ವರಗಳ ನಡುವಿನ ಲ ಬಿದ್ದುಹೋಗುತ್ತದೆ: ಮನೆ 'ಬಲಯ್' ಹೋಗಿ 'ಬಯ್', ದಾರಿ 'ದಲನ್' ಹೋಗಿ 'ದನ್'. ಮೊಬೈಲ್ ಸಂದೇಶದಲ್ಲಂತೂ ಸ್ವರಗಳೇ ಮಾಯ. ಕರೆಯುವ ಮಾತುಗಳೂ ಹಾಗೆಯೇ. ಹುಡುಗನಿಗೆ 'ದೊದೊಙ್', ಮೊಟಕಾಗಿ 'ದೊಙ್'. ಹುಡುಗಿಗೆ 'ಇಂದಯ್', ಮೊಟಕಾಗಿ 'ದಯ್'. ಹಿರಿಯ ಹೆಂಗಸಿಗೆ 'ಮನಙ್', ಅದು 'ನಙ್'. ಹಿರಿಯ ಗಂಡಸಿಗೆ 'ಮನೊಙ್', ಅದು 'ನೊಙ್'. ನಮ್ಮ ಅಕ್ಕ, ಅಣ್ಣ ಇದ್ದ ಹಾಗೆ. 'ನಙ್, ಪುಗ್ಙಿ ಸಾ ಅಙ್ ಗಿನ್ಹಾವ' ಅಂದರೆ 'ಅಕ್ಕಾ, ಒಂಚೂರು ಉಸಿರು ಹಿಡ್ಕೊಳ್ಳಿ'. ಆ 'ಸಾ' ಕೂಡ 'ಉಸಾ' ಅನ್ನುವುದರ ತುಂಡು, 'ಸ್ವಲ್ಪ ಹೊತ್ತು' ಅಂತ. ಅದು ಸೇರಿದರೆ ಆಜ್ಞೆ ಮೆತ್ತಗಾಗುತ್ತದೆ.

ಕೊನೆಗೆ ನಿಮ್ಮ ಅಜ್ಜಿಯ 'ಸಾಬಾ'. ನಿಘಂಟು ಹೇಳಿದ್ದು ಸರಿ, ಸಾಬಾ ಅಂದರೆ ಗದ್ದಲ. ಗದ್ದಲ ಮಾಡಬೇಡ ಅನ್ನಲು ಪೂರ್ತಿ ಮಾತು 'ಅಯಾವ್ ಒಗ್ ಸಾಬಾ'. ಬಳಕೆಯಲ್ಲಿ ಬೇಡ ಅನ್ನುವ ಭಾಗ ಬಿಟ್ಟುಹೋಗಿ ಗದ್ದಲ ಅನ್ನುವ ಪದವೊಂದೇ ಸಾಕಾಗಿದೆ. 'ಸಾಬಾ!' ಅಂದರೆ ಸುಮ್ನಿರು. ನೀವು ಕೇಳಿದ ಮೊಟಕು ಮಾಡೋದು, ಸದ್ದಡಗಿಸೋದು ಎರಡೂ ಈ ಒಂದು ಪದದಲ್ಲಿ ಒಟ್ಟಿಗೆ ಆಗಿಹೋಗಿವೆ. ಅಜ್ಜಿ ತನ್ನ ಮೊಮ್ಮಗನಿಗೆ ಅಂದರೆ ಅದರಲ್ಲಿ ಸಲಿಗೆ ಇದೆ. ನೀವು ಅಂದರೆ ಅದು 'ಬಾಯ್ಮುಚ್ಚು' ಅಂತ ಕೇಳಿಸುತ್ತದೆ. ಮಗುವಿನ ಹತ್ತಿರ ಬಗ್ಗಿ ನೀವು ಅನ್ನಬೇಕಾದದ್ದು: 'ಹಿಲೊಮ್ ಸಾ, ದೊಙ್.'